ಮೊದಲು ಆ ಕ್ರೀಮ್ ಬಿಡಿ, ನಾನ್‌ಸ್ಟಿಕ್ ತವಾ ಆಮೇಲೆ ನೋಡೋಣ

ಪ್ರಶ್ನೆ: ನಾನು ದಾವಣಗೆರೆಯವಳು. ಮೂರು ವರ್ಷದ ಮಗಳಿದ್ದಾಳೆ, ಈಗ ಮತ್ತೆ ಐದು ತಿಂಗಳು. ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದು ಭಯ. ನಾನ್‌ಸ್ಟಿಕ್ ತವಾ ಬಿಸಾಕಿ, ಪ್ಲಾಸ್ಟಿಕ್ ಡಬ್ಬಿ ಬಿಸಾಕಿ, ಶಾಂಪೂ ವಿಷ, ತರಕಾರಿ ವಿಷ, ಟೇಸ್ಟಿಂಗ್ ಪೌಡರ್ ವಿಷ. ಎಲ್ಲ ಆರ್ಗ್ಯಾನಿಕ್ ತಗೊಳ್ಳೋಣ ಅಂದರೆ ಮನೆಗೆ ಬರೋದು ತಿಂಗಳಿಗೆ 28 ಸಾವಿರ. ಹುಟ್ಟೋ ಮಗುವಿಗೆ ಕಾಡಿಗೆ ಹಚ್ಚಲೇಬೇಕು ಅಂತಾರೆ ಅತ್ತೆ. ಎಲ್ಲಿಂದ ಶುರು ಮಾಡಲಿ? ಅಂದಹಾಗೆ, ಗೆಳತಿ ಕೊಟ್ಟ ಒಂದು ಕ್ರೀಮ್ ಹಚ್ಚುತ್ತಿದ್ದೇನೆ, ಎರಡೇ ವಾರಕ್ಕೆ ಮುಖ ಬೆಳ್ಳಗಾಗಿದೆ. ಅದನ್ನು ಗರ್ಭಿಣಿಯರು ಹಚ್ಚಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನೀವು 'ಅಂದಹಾಗೆ' ಎಂದು ಕೊನೆಗೆ ಸೇರಿಸಿದ ಸಾಲೇ ನನಗೆ ಮೊದಲನೆಯದು. ತವಾ, ಡಬ್ಬಿ, ಶಾಂಪೂ ಎಲ್ಲ ಒಂದು ತಿಂಗಳು ಕಾಯುತ್ತವೆ. ಆ ಕ್ರೀಮನ್ನು ಇವತ್ತು ರಾತ್ರಿ ಹಚ್ಚಬೇಡಿ.

ಎರಡು ವಾರದಲ್ಲಿ ಬಣ್ಣ ತಿಳಿಯಾಗಿಸುವ ಕ್ರೀಮ್ ಅಂದಾಗ ಆಹಾರ, ಸೌಂದರ್ಯವರ್ಧಕಗಳ ಪರೀಕ್ಷೆ ಮಾಡಿದವರಿಗೆ ಎರಡು ಅನುಮಾನ ಬರುತ್ತವೆ. ಒಂದು ಸ್ಟೆರಾಯ್ಡ್, ಇನ್ನೊಂದು ಪಾದರಸ. ಸ್ಟೆರಾಯ್ಡ್ ಆದರೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟ ಕೂಡಲೇ ಮುಖ ಉರಿಯುತ್ತದೆ. ಚರ್ಮದ ವೈದ್ಯರ ಬಳಿ ಇಂಥವರ ಸಾಲೇ ಇರುತ್ತದೆ. ಪಾದರಸದ ಕಥೆ ಬೇರೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗಲು ಒಂದು ಕಿಣ್ವ ಬೇಕು. ಪಾದರಸದ ಲವಣ ಆ ಕಿಣ್ವದ ಕೈ ಕಟ್ಟುತ್ತದೆ. ಮುಖ ಬೆಳ್ಳಗಾಗುತ್ತದೆ, ನಿಜ. ಆದರೆ ಅದು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ದಿಂಬಿನ ಹೊದಿಕೆ, ಟವೆಲ್ಲಿನ ಮೂಲಕ ಪಕ್ಕದಲ್ಲಿ ಮಲಗುವ ಮಗಳಿಗೂ ಹತ್ತುತ್ತದೆ.

ಇದು ದೂರದ ಸುದ್ದಿಯಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ಬಗೆಯ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುವ ಕಾಯಿಲೆ ಅದು. ಅವರಲ್ಲಿ 15 ಮಂದಿಯ ಮೂತ್ರಪಿಂಡದಲ್ಲಿ ಒಂದು ವಿಶೇಷ ಗುರುತು ಸಿಕ್ಕಿತು. ಆ 15ರಲ್ಲಿ 13 ಮಂದಿ ಬಣ್ಣ ತಿಳಿಯಾಗಿಸುವ ಕ್ರೀಮ್ ಹಚ್ಚಿದ್ದಾಗಿ ಒಪ್ಪಿಕೊಂಡರು. ನಮ್ಮ ಕಾನೂನಿನ ಪ್ರಕಾರ ಕ್ರೀಮ್‌ಗೆ ಪಾದರಸ ಬೆರೆಸುವಂತೆಯೇ ಇಲ್ಲ. ತಿಳಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಬಾರದು. ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನು 2025ರೊಳಗೆ ಪೂರ್ತಿ ನಿಲ್ಲಿಸಬೇಕೆಂದು, ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿದ್ದವು. ಆದರೂ ಫ್ಯಾನ್ಸಿ ಸ್ಟೋರ್‌ನ ಗಾಜಿನ ಕಪಾಟಿನಲ್ಲಿ ತಯಾರಕರ ಹೆಸರಿಲ್ಲದ ಪುಟ್ಟ ಡಬ್ಬಿ ಸಿಗುತ್ತಲೇ ಇದೆ.

ನಿಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ತಯಾರಕರ ಪೂರ್ತಿ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗೆ ಏನೇನಿದೆ ಎಂಬ ಪಟ್ಟಿ ಇವೆಯೇ? ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಪದಗಳಿವೆಯೇ? ಇನ್ನೊಂದು ಸುಳಿವು ಇದೆ, ನನಗೆ ಪ್ರತಿ ಸಲವೂ ಸಿಟ್ಟು ನಗು ಎರಡೂ ತರಿಸುವಂಥದ್ದು. ಕೆಲವು ಡಬ್ಬಿಗಳ ಮೇಲೆ 'ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ' ಎಂದು ಬರೆದಿರುತ್ತದೆ. ಪಾದರಸಕ್ಕೂ ಚಿನ್ನಕ್ಕೂ ತಾಗಿದರೆ ಒಂದಕ್ಕೊಂದು ಬೆರೆತು ಒಡವೆ ಬಿಳಚಿಕೊಳ್ಳುತ್ತದೆ, ಅದಕ್ಕೆ. ಒಡವೆ ಉಳಿಸಲು ಎಚ್ಚರಿಕೆ ಕೊಟ್ಟವನು ಮುಖದ ಬಗ್ಗೆ ಒಂದು ಮಾತೂ ಬರೆದಿರುವುದಿಲ್ಲ.

ಡಬ್ಬಿಯನ್ನು ಕಸಕ್ಕೆ ಹಾಕಬೇಡಿ. ಎರಡು ಕವರ್‌ನಲ್ಲಿ ಕಟ್ಟಿ ಮಗಳ ಕೈಗೆ ಸಿಗದ ಕಡೆ ಇಟ್ಟು, ಮುಂದಿನ ಸಲ ಹೆರಿಗೆ ಡಾಕ್ಟರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ. ಮೂತ್ರದಲ್ಲಿ ಪ್ರೋಟೀನ್ ನೋಡುವ ಪರೀಕ್ಷೆ ಗರ್ಭಿಣಿಯರಿಗೆ ಹೇಗೂ ಮಾಡುತ್ತಾರೆ. ಪಾದರಸದ ಪರೀಕ್ಷೆಯೂ ಬೇಕೇ ಎಂದು ಕೇಳಿ. ಕಾಲು ಊದಿದ್ದರೆ, ಮೂತ್ರ ನೊರೆನೊರೆಯಾಗಿದ್ದರೆ 'ಬಸುರಿಗೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಾಗದೆ, ಕ್ರೀಮಿನ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ನಾವು ಹೇಳದ ಹೊರತು ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ. ಗೆಳತಿಗೂ ಹೇಳಿ.

ಈಗ ನಿಮ್ಮ ಪ್ರಶ್ನೆಗೆ, ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಮೂವತ್ತು ವರ್ಷದ ಹತ್ತಿರ ಪ್ರಯೋಗಾಲಯದಲ್ಲಿ ಕಲಬೆರಕೆ ಹುಡುಕಿದವನ ಲೆಕ್ಕ ಹೀಗಿದೆ. 28 ಸಾವಿರಕ್ಕೆ ಬಜೆಟ್ ಇರುವ ಹಾಗೆ ಭಯಕ್ಕೂ ಒಂದು ಬಜೆಟ್ ಇಟ್ಟುಕೊಳ್ಳಿ. ಎಲ್ಲದಕ್ಕೂ ಸಮನಾಗಿ ಹೆದರಿದರೆ ನಿಜವಾಗಿ ಹೆದರಬೇಕಾದ್ದು ಕೈತಪ್ಪುತ್ತದೆ. ನೀವು ತವಾ, ಡಬ್ಬಿ, ಶಾಂಪೂ ಎಲ್ಲ ಮೊದಲು ಬರೆದು, ಪಾದರಸದ ಅನುಮಾನವಿರುವ ಕ್ರೀಮನ್ನು ಕೊನೆಗೆ ಇಟ್ಟ ಹಾಗೆ. ಒಂದು ವಸ್ತುವಿನ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ: ದಿನಾ ದೇಹಕ್ಕೆ ಹೋಗುತ್ತದೆಯೇ, ಹೋದದ್ದು ಒಳಗೇ ಉಳಿಯುತ್ತದೆಯೇ, ಮಗುವಿಗೆ ತಲುಪುತ್ತದೆಯೇ. ಮೂರಕ್ಕೂ ಹೌದು ಅನ್ನಿಸಿದರೆ ಅದು ಮೊದಲ ಸಾಲಿನದು. ಆ ಸಾಲಿನಲ್ಲಿ ಪಾದರಸದ ಪಕ್ಕದಲ್ಲೇ ಕೂತಿರುವುದು ಸೀಸ.

ಸೀಸದ ಬುದ್ಧಿ ಏನೆಂದರೆ, ಅದು ದೇಹದೊಳಗೆ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಓಡಾಡುತ್ತದೆ. ದೇಹ ಮೋಸ ಹೋಗಿ ಅದನ್ನು ಮೂಳೆಯಲ್ಲಿ ಜೋಪಾನವಾಗಿ ಇಡುತ್ತದೆ, ವರ್ಷಗಟ್ಟಲೆ. ಬಸುರಿಯಾದಾಗ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕಾಗಿ ತಾಯಿಯ ಮೂಳೆ ಕರಗಿದರೆ, ಅದರ ಜೊತೆ ಹಳೆಯ ಸೀಸವೂ ಹೊರಟು ಮಗುವನ್ನು ಸೇರುತ್ತದೆ. ಒಂದೇ ಪ್ರಮಾಣದ ಸೀಸ ನುಂಗಿದರೂ ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 'ಇಷ್ಟು ಇದ್ದರೆ ತೊಂದರೆ ಇಲ್ಲ' ಅನ್ನುವ ಮಟ್ಟವೇ ಸೀಸಕ್ಕೆ ಇಲ್ಲ. ಬುದ್ಧಿಯ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಕೊಟ್ಟದ್ದು ಹಿಂದಿರುಗುವುದಿಲ್ಲ.

ಇದರ ಬಗ್ಗೆ ದೇಶಕ್ಕೆ ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಬೆಂಗಳೂರಿನವರೇ ಇದ್ದಾರೆ. ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ನಗರಗಳ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಆಗಿನ ಅಪಾಯದ ಗೆರೆ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದ ಹಿಂದೆ ನಿಂತವರು. ಮರುವರ್ಷ, 2000ದಲ್ಲಿ, ಸೀಸ ಬೆರೆತ ಪೆಟ್ರೋಲ್ ದೇಶದಿಂದ ಹೋಯಿತು. ಗಾಳಿಯಿಂದ ಹೋದ ಸೀಸ ಅಡುಗೆಮನೆಯಲ್ಲಿ ಎಲ್ಲೆಲ್ಲಿ ಉಳಿದುಕೊಂಡಿದೆ ನೋಡೋಣ.

ಮೊದಲು ಅರಿಶಿನದ ಡಬ್ಬಿ. ಅರಿಶಿನದ ಕೊಂಬು ಮಂಕಾಗಿದ್ದರೆ, ಹುಳು ಹಿಡಿದಿದ್ದರೆ, ಪಾಲಿಶ್ ಮಾಡುವ ಹೊತ್ತಿನಲ್ಲಿ ಲೆಡ್ ಕ್ರೋಮೇಟ್ ಎಂಬ ಹಳದಿ ಪುಡಿ ಸವರಿದರೆ ಹೊಸದರ ಹಾಗೆ ಹೊಳೆಯುತ್ತದೆ. ಪೇಂಟಿಗೆ ಹಾಕುವ ಬಣ್ಣ ಅದು. ನಮ್ಮಲ್ಲಿ ಅರಿಶಿನದಲ್ಲಿ ಸೀಸಕ್ಕೆ ಹತ್ತು ಲಕ್ಷದಲ್ಲಿ 10 ಪಾಲು ಎಂಬ ಮಿತಿ ಇದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಟ್ನಾದ ಮಾದರಿಯೊಂದರಲ್ಲಿ 2,274 ಪಾಲು ಸಿಕ್ಕಿತು. ನಮ್ಮ ಚಾಮರಾಜನಗರದ ಅರಿಶಿನವನ್ನು ಇದರ ಜೊತೆ ಸೇರಿಸಿ ಬೈಯಬೇಡಿ. ಮೋಸ ಹೊಲದ್ದಲ್ಲ, ಪಾಲಿಶ್ ಯಂತ್ರದ್ದು. ಸರಿಮಾಡಲಾಗದ ಮೋಸವೂ ಅಲ್ಲ. ಬಾಂಗ್ಲಾದೇಶದ ಮಾರುಕಟ್ಟೆಯಲ್ಲಿ 2019ರಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಸೀಸ ಇತ್ತು. ಸರ್ಕಾರ, ಸಂಶೋಧಕರು ಕೂಡಿ ಪ್ರಚಾರ ಮಾಡಿ, ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆಗೆ ಇಳಿಯಿತು.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಕಲಕದೆ, ಒಂದು ಚಮಚ ಅರಿಶಿನ ಪುಡಿ ಉದುರಿಸಿ ಹಾಗೇ ಬಿಡಿ. ಒಳ್ಳೆಯ ಪುಡಿ ತಿಳಿ ಹಳದಿ ಬಿಟ್ಟು ತಳಕ್ಕೆ ಕೂರುತ್ತದೆ. ಬಣ್ಣ ಬೆರೆಸಿದ್ದರೆ ನೀರೆಲ್ಲ ಗಾಢ ಹಳದಿಯಾಗುತ್ತದೆ. ಇಡೀ ಕೊಂಬನ್ನು ನೀರಿಗೆ ಹಾಕಿದಾಗ ಬಣ್ಣ ಕೂಡಲೇ ಕಳಚಿಕೊಂಡು ಬಂದರೆ ಅದು ಸವರಿದ ಬಣ್ಣ. ಆದರೆ ಈ ಪರೀಕ್ಷೆಯಲ್ಲಿ ಪಾಸಾದರೆ ಸೀಸವೇ ಇಲ್ಲ ಎಂದಲ್ಲ. ಸ್ವಲ್ಪವೇ ಬೆರೆತಿದ್ದರೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ನನ್ನ ಸಲಹೆ ಬೇರೆ. ಹೊಳೆಯದ, ಮಣ್ಣು ಮಣ್ಣಾಗಿರುವ ಕೊಂಬು ತಂದು, ತೊಳೆದು ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿ. ಗಿರಣಿಯವರು ಅರಿಶಿನ ಬೀಸಲು ಮುಖ ಸಿಂಡರಿಸುತ್ತಾರೆ, ಮುಂದಿನವರ ಗೋಧಿಹಿಟ್ಟು ಹಳದಿಯಾಗುತ್ತದಲ್ಲ! ಖಾರದಪುಡಿ ಮಾಡಿಸುವ ದಿನವೇ ಇದನ್ನೂ ಒಯ್ದರೆ ಒಪ್ಪುತ್ತಾರೆ.

ಕುಂಕುಮವೂ ಇದೇ ಸಾಲಿನದು. 2017ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಂಶೋಧಕರು ಅಲ್ಲಿನ ನಮ್ಮವರ ಅಂಗಡಿಗಳಿಂದಲೂ ಭಾರತದಿಂದಲೂ ತಂದ 118 ಸಿಂಧೂರದ ಮಾದರಿ ನೋಡಿದರು. ಐದರಲ್ಲಿ ನಾಲ್ಕರಷ್ಟರಲ್ಲಿ ಸ್ವಲ್ಪವಾದರೂ ಸೀಸ ಇತ್ತು. ಹಣೆಯ ಕುಂಕುಮ ಚರ್ಮದಿಂದ ಒಳಹೋಗುವುದು ಕಡಿಮೆ. ಆದರೆ ಅದು ಬೆರಳಿಗೆ, ಬೆರಳಿನಿಂದ ತುತ್ತಿಗೆ, ಮಗುವಿನ ಬಾಯಿಗೆ ಹೋಗುತ್ತದೆ. ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಹಾಕಿ ಮಾಡುವ ಕುಂಕುಮ ಸಿಕ್ಕರೆ ಅದನ್ನು ತನ್ನಿ. ಕಿತ್ತಳೆ ಬಣ್ಣದಲ್ಲಿ ಪಳಪಳ ಹೊಳೆಯುವ ಸಿಂಧೂರ ಬೇಡ. ಇಟ್ಟುಕೊಂಡ ಮೇಲೆ ಕೈ ತೊಳೆದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಪಾತ್ರೆ. ಗುಜರಿ ಅಲ್ಯೂಮಿನಿಯಂ ಕರಗಿಸಿ ಮಾಡಿದ ಅಗ್ಗದ ಪಾತ್ರೆಗಳಲ್ಲಿ ಸೀಸ ಬೆರೆತಿರುತ್ತದೆ. ಭಾರತದಲ್ಲಿ ತಯಾರಾದ ಕೆಲವು ಅಲ್ಯೂಮಿನಿಯಂ, ಹಿಂಡಾಲಿಯಂ, ಹಿತ್ತಾಳೆ ಪಾತ್ರೆಗಳಿಂದ ಸೀಸ ಅಡುಗೆಗೆ ಇಳಿಯುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಕೆ ಹೊರಡಿಸಿತು. ಹುಣಸೆಹುಳಿಯ ಸಾರು, ಟೊಮೆಟೊ ಗೊಜ್ಜು ಅಂಥ ಪಾತ್ರೆಯಲ್ಲಿ ಕುದಿಸಿ ರಾತ್ರಿಯಿಡೀ ಇಡುವುದು ಬೇಡ. ಐಎಸ್‌ಐ ಗುರುತಿನ ಕುಕ್ಕರ್ ಇದ್ದರೆ ಚಿಂತೆ ಇಲ್ಲ. ಬೇಳೆ ಅದರಲ್ಲಿ ಬೇಯಲಿ, ಹುಳಿ ಮಾತ್ರ ಸ್ಟೀಲಿನಲ್ಲಿ ಕುದಿಯಲಿ.

ನಾಟಿ ಔಷಧಿ, ಭಸ್ಮಗಳ ಮಾತನ್ನು ಕೋಪ ಬರದ ಹಾಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂತರ್ಜಾಲದಲ್ಲಿ ಮಾರುವ ಆಯುರ್ವೇದ ಔಷಧಿಗಳಲ್ಲಿ ಐದರಲ್ಲೊಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೊಪ್ಪು ಬೇರಿನ ಕಷಾಯದ ಮಾತಲ್ಲ ಇದು, ಲೋಹ ಸೇರಿಸುವ ರಸ, ಭಸ್ಮಗಳ ಮಾತು. ಹೆರಿಗೆ ಆಗುವವರೆಗೆ, ಬಾಣಂತನದಲ್ಲೂ, ಹೆಸರು ಗೊತ್ತಿಲ್ಲದ ಯಾವ ಪುಡಿಯನ್ನೂ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಮಣ್ಣು ತಿನ್ನುವ ಬಯಕೆ ಆಗುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ರಕ್ತ ಕಡಿಮೆ ಇದ್ದಾಗ ಹಾಗೆ ಆಗುವುದುಂಟು, ಆ ಮಣ್ಣಿನ ಜೊತೆ ಸೀಸವೂ ಹೊಟ್ಟೆಗೆ ಹೋಗಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಯಾರೂ ಕಳಿಸದ ಒಂದು ಸಂಗತಿ ಇದೆ. ದೇಹದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದಾಗ ಕರುಳು ಹಸಿದು ಕೂತಿರುತ್ತದೆ. ಸೀಸ ಬಂದರೂ ಬಾಚಿಕೊಳ್ಳುತ್ತದೆ. ಎರಡೂ ಸಾಕಷ್ಟು ಇದ್ದರೆ ಸೀಸಕ್ಕೆ ಜಾಗ ಸಿಗುವುದು ಕಡಿಮೆ. ಹಾಗಾಗಿ ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕಬ್ಬಿಣದ ಮಾತ್ರೆಯನ್ನು 'ವಾಂತಿ ಬರುತ್ತೆ' ಎಂದು ಕಪಾಟಿನ ಮೇಲೆ ಎಸೆಯದೆ ನುಂಗುವುದು, ಬೆಳಿಗ್ಗೆ ಮಗಳಿಗೆ ಹಾಲು ಹಾಕಿದ ರಾಗಿ ಅಂಬಲಿ ಕುಡಿಸುವುದು, ವಾರಕ್ಕೆ ನಾಲ್ಕು ದಿನ ಸೊಪ್ಪಿನ ಪಲ್ಯ ಮಾಡುವುದು, ಇವು ದುಬಾರಿ ಆರ್ಗ್ಯಾನಿಕ್ ಅಕ್ಕಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ ಕೊಳ್ಳುವಾಗ ಒಂದು ಹತ್ತಿಯುಂಡೆ ಎಣ್ಣೆಯಲ್ಲಿ ಅದ್ದಿ ಕಾಳಿನ ಮೇಲೆ ಉಜ್ಜಿ ನೋಡಿ. ಹತ್ತಿ ಕೆಂಪಾದರೆ ಬಣ್ಣ ಹಾಕಿದ್ದಾರೆ, ಆ ಅಂಗಡಿಗೆ ಕೈ ಮುಗಿಯಿರಿ.

ಬಣ್ಣ ಅಂದಾಗ ಮಗಳ ಜಾತ್ರೆ ತಿಂಡಿ ನೆನಪಾಗುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ನಿಷೇಧಿಸಿತು. ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಎಂದು ವರದಿ ಬಂದಿತ್ತು. ಆ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಬಾಂಬೆ ಮಿಠಾಯಿಯ ಗುಲಾಬಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಯಾವತ್ತೂ ಅನುಮತಿ ಇಲ್ಲದ್ದು.

ಪ್ರಯೋಗಾಲಯದಲ್ಲಿ ಈ ಬಣ್ಣಗಳನ್ನು ಹಿಡಿಯುವ ಹಳೆಯ ಉಪಾಯ ನನಗೆ ಇವತ್ತಿಗೂ ಇಷ್ಟ. ಕಬಾಬನ್ನು ನೀರಿನಲ್ಲಿ ಕುದಿಸಿ, ಸೋಸಿ, ಸ್ವಲ್ಪ ಆಮ್ಲ ಬೆರೆಸಿ, ಒಂದು ಗೇಣು ಬಿಳಿ ಉಣ್ಣೆ ನೂಲನ್ನು ಅದರಲ್ಲಿ ಇಳಿಬಿಡುತ್ತೇವೆ. ಮೆಣಸಿನಕಾಯಿಯದ್ದೇ ಕೆಂಪಾದರೆ ನೂಲನ್ನು ನಲ್ಲಿ ಕೆಳಗೆ ಹಿಡಿದಾಗ ಬಹುಮಟ್ಟಿಗೆ ಹೊರಟು ಹೋಗುತ್ತದೆ. ಕೃತಕ ಬಣ್ಣವಾದರೆ ನೂಲು ಮದುವೆ ಸೀರೆಯ ಅಂಚಿನ ಹಾಗೆ ಕೆಂಪೇರಿ ನಿಲ್ಲುತ್ತದೆ. ಯಾವ ಬಣ್ಣ ಎಂಬುದನ್ನು ಆಮೇಲೆ ಬೇರೆ ಪರೀಕ್ಷೆ ಹೇಳುತ್ತದೆ. ನಿಮಗೆ ನೂಲು ಬೇಕಿಲ್ಲ. ತಿಂದ ಮೇಲೆ ಬೆರಳು ಸೋಪಿಗೂ ಬಿಡದ ಹಾಗೆ ಕೆಂಪಾಗಿದ್ದರೆ ಆ ಗಾಡಿಗೆ ಮತ್ತೆ ಹೋಗಬೇಡಿ. ಗೋಬಿ ತಿನ್ನಬೇಡಿ ಅನ್ನುತ್ತಿಲ್ಲ. ಕಂದು ಬಣ್ಣದ ಗೋಬಿಗೆ ರುಚಿ ಕಡಿಮೆ ಏನಲ್ಲ.

ನಿಮ್ಮೂರಿನ ಮಂಡಕ್ಕಿ ಮೆಣಸಿನಕಾಯಿಯ ಬಗ್ಗೆ ಮಾತಾಡದೆ ದಾವಣಗೆರೆಯವರಿಗೆ ಉತ್ತರ ಬರೆಯುವುದು ಹೇಗೆ! ಮಿರ್ಚಿ ಬಿಸಿ ಎಣ್ಣೆಯಿಂದ ನೇರವಾಗಿ ದಿನಪತ್ರಿಕೆಯ ಮೇಲೆ ಬೀಳುತ್ತದೆ. ಹತ್ತು ನಿಮಿಷದ ಮೇಲೆ ನೋಡಿದರೆ ಅದರ ಹೊಟ್ಟೆಯ ಮೇಲೆ ಸುದ್ದಿಯ ತಲೆಬರಹ ಉಲ್ಟಾ ಅಚ್ಚಾಗಿರುತ್ತದೆ. ಅದು ಮುದ್ರಣದ ಶಾಯಿ, ಬಿಸಿ ಎಣ್ಣೆಯಲ್ಲಿ ಬಲು ಸಲೀಸಾಗಿ ಕರಗುವಂಥದ್ದು. ಆಹಾರವನ್ನು ದಿನಪತ್ರಿಕೆಯಲ್ಲಿ ಕಟ್ಟಿಕೊಡುವುದು ಕಾನೂನಿನಲ್ಲಿ ನಿಷಿದ್ಧ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯಿರಿ. ಅಂಗಡಿಯವರು ಮೊದಲ ದಿನ ವಿಚಿತ್ರವಾಗಿ ನೋಡುತ್ತಾರೆ, ಮೂರನೆಯ ದಿನ ನೀವು ಕೇಳದೆಯೇ ಡಬ್ಬಿಗೆ ಕೈ ಚಾಚುತ್ತಾರೆ.

ಪ್ಲಾಸ್ಟಿಕ್ ಬಗ್ಗೆ ನನ್ನ ನಿಯಮ ಒಂದೇ: ಬಿಸಿ ಮತ್ತು ಎಣ್ಣೆ ಪ್ಲಾಸ್ಟಿಕ್ಕನ್ನು ಮುಟ್ಟಬಾರದು. ಬೇಳೆ, ಸಕ್ಕರೆ, ರವೆ ತುಂಬಿದ ಡಬ್ಬಿಗಳು ಅಲ್ಲೇ ಇರಲಿ, ಅವನ್ನು ಬಿಸಾಕಿ ದುಡ್ಡು ಹಾಳುಮಾಡಬೇಡಿ. ತೆಳು ಕವರ್‌ನಲ್ಲಿ ಕುದಿಯುವ ಸಾಂಬಾರ್ ಪಾರ್ಸೆಲ್ ತರುವುದನ್ನು ನಿಲ್ಲಿಸಿ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಹೋಟೆಲ್‌ಗಳಲ್ಲಿ ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಹಿಂದೆಲ್ಲ ಹತ್ತಿ ಬಟ್ಟೆ ಹಾಸುತ್ತಿದ್ದರು, ಒಗೆಯುವ ಸೋಮಾರಿತನಕ್ಕೆ ಬಂದದ್ದು ಈ ಹಾಳೆ. ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇದೆ. ಅದರಲ್ಲಿ ಬಿಸಿ ದ್ರವ ಹದಿನೈದು ನಿಮಿಷ ಇದ್ದರೆ ನೂರು ಮಿಲಿಲೀಟರಿಗೆ ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣ ಸೇರುತ್ತವೆ ಎಂದು ಖರಗಪುರದ ಐಐಟಿಯವರು ಎಣಿಸಿದ್ದಾರೆ. ಗಾಜಿನ ಲೋಟದ ಟೀ ಅಂಗಡಿ ಹುಡುಕಿ.

ತವಾದ ಮಾತು. ನಾನ್‌ಸ್ಟಿಕ್ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಿ ಹೊಗೆ ಬಿಡಲು ಶುರು ಮಾಡುತ್ತದೆ. ಖಾಲಿ ತವಾವನ್ನು ಜೋರು ಉರಿಯಲ್ಲಿ ಮರೆತು ಬಿಟ್ಟಾಗ ಮಾತ್ರ ಅಷ್ಟು ಕಾಯುತ್ತದೆ. ಉದುರಿದ ಚೂರು ಹೊಟ್ಟೆಗೆ ಹೋದರೂ ಹೋದ ಹಾಗೇ ಹೊರಬರುತ್ತದೆ. ಇದ್ದದ್ದನ್ನು ಸಣ್ಣ ಉರಿಯಲ್ಲಿ ಬಳಸಿ, ಸವೆದ ಮೇಲೆ ಸಂತೆಯಿಂದ ಕಬ್ಬಿಣದ ತವಾ ತನ್ನಿ. ಮೊದಲ ಹತ್ತು ದೋಸೆ ಹರಿಯುತ್ತವೆ, ಬಯ್ಯಬೇಡಿ. ಅದರಿಂದ ಅಡುಗೆಗೆ ಚೂರು ಕಬ್ಬಿಣವೂ ಸಿಗುತ್ತದೆ.

ತರಕಾರಿ ಕೊಳ್ಳಲು ದುಬಾರಿ ಅಂಗಡಿಗೆ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಪರಿಸರದ ಅಧ್ಯಯನ ಮಾಡುವ ಸರ್ಕಾರಿ ಸಂಸ್ಥೆ ಎಂಪ್ರಿಯವರು ತರಕಾರಿಗಳಲ್ಲಿ ಭಾರ ಲೋಹ ಹುಡುಕಿದಾಗ ಸಾವಯವ ಎಂದು ಬೋರ್ಡ್ ಹಾಕಿದ ಅಂಗಡಿಗಳ ಮಾದರಿಗಳಲ್ಲೂ ಸಿಕ್ಕಿತ್ತು. ಯಾವ ನೀರಿನಲ್ಲಿ ಬೆಳೆದರೋ ಅದರ ಮೇಲೆ ಹೋಗುತ್ತದೆ, ಬೋರ್ಡಿನ ಮೇಲಲ್ಲ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. 2017ರಲ್ಲಿ ಅಮೆರಿಕದಲ್ಲಿ ಸೇಬಿನ ಮೇಲೆ ಇದನ್ನು ಪರೀಕ್ಷಿಸಿದಾಗ ಸಿಪ್ಪೆಯ ಮೇಲಿನ ಎರಡು ಕೀಟನಾಶಕಗಳು ಬರೀ ನೀರಿಗಿಂತ ಚೆನ್ನಾಗಿ ಹೋದವು. ಒಂದರ ಐದನೇ ಒಂದು ಪಾಲು ಒಳಕ್ಕೆ ಇಳಿದಿತ್ತು, ಅದು ಯಾವ ತೊಳೆತಕ್ಕೂ ಬಗ್ಗಲಿಲ್ಲ. ದ್ರಾಕ್ಷಿ, ಕೊತ್ತಂಬರಿ, ಕರಿಬೇವು, ಹೂಕೋಸಿಗೆ ಇಷ್ಟು ಶ್ರಮ ಹಾಕಿ. ಈರುಳ್ಳಿ, ಕುಂಬಳಕಾಯಿ, ಬಾಳೆಹಣ್ಣಿಗೆ ಬೇಡ, ಸಿಪ್ಪೆ ತೆಗೆಯುತ್ತೀರಲ್ಲ. ಮಾವಿನ ಕಾಲದಲ್ಲಿ ಹಣ್ಣಿಗಿಂತ ಬಲಿತ ಕಾಯಿ ತಂದು ಹುಲ್ಲಿನಲ್ಲಿಟ್ಟು ಹಣ್ಣು ಮಾಡಿ. ಕಾರ್ಬೈಡ್ ಬಳಕೆ 2011ರ ನಿಯಮದಲ್ಲೇ ನಿಷಿದ್ಧ, ಕದ್ದು ಹಾಕುವವರು ಹಾಕುತ್ತಲೇ ಇದ್ದಾರೆ.

ಸೋಪು, ಶಾಂಪೂ, ಟೂತ್‌ಪೇಸ್ಟ್ ಮೈಮೇಲೆ ನಿಮಿಷವಷ್ಟೇ ಇದ್ದು ತೊಳೆದು ಹೋಗುತ್ತವೆ, ಅವನ್ನು ನೆಮ್ಮದಿಯಾಗಿ ಬಳಸಿ. ಹಚ್ಚಿ ಬಿಡುವ ಸುವಾಸನೆಯ ಲೋಷನ್, ಸೆಂಟು, ಪೌಡರ್ ಈ ನಾಲ್ಕು ತಿಂಗಳು ಕಡಿಮೆ ಮಾಡಿ. ಸೀಮಂತದಲ್ಲಿ ಯಾರಾದರೂ ಕಪ್ಪು ಮೆಹೆಂದಿ ಹಿಡಿದು ಬಂದರೆ ಕೈ ಕೊಡಬೇಡಿ. ಗೋರಂಟಿ ಯಾವತ್ತೂ ಕಪ್ಪಾಗುವುದಿಲ್ಲ, ಕಪ್ಪು ಮಾಡುವುದು ತಲೆಗೂದಲಿನ ಬಣ್ಣದ ರಾಸಾಯನಿಕ. ಕೆಲವರಿಗೆ ಗುಳ್ಳೆ ಎದ್ದು ಕಲೆ ಉಳಿಯುತ್ತದೆ. ಟೇಸ್ಟಿಂಗ್ ಪೌಡರ್‌ಗೆ ನಿಮ್ಮ ಭಯದ ಬಜೆಟ್‌ನಲ್ಲಿ ಒಂದು ಪೈಸೆಯೂ ಬೇಡ, ಅದರಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ.

ನೀವು ಕೇಳದೆ ಬಿಟ್ಟದ್ದು ಒಂದಿದೆ: ಸೊಳ್ಳೆ ಕಾಯಿಲ್. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಹೊಗೆಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಬಸುರಿಯ ಮಂಚದ ಕೆಳಗೆ, ರಾತ್ರಿಯಿಡೀ! ಹಾಗಂತ ಸೊಳ್ಳೆಗೆ ಮೈಯೊಡ್ಡಬೇಡಿ, ಡೆಂಗಿ ಇನ್ನೂ ಕೆಟ್ಟದ್ದು. ಸೊಳ್ಳೆಪರದೆ ಕೊಳ್ಳಿ. ಈ ಇಡೀ ಉತ್ತರದಲ್ಲಿ ನಾನು ನಿಮಗೆ ಖರ್ಚು ಮಾಡಿ ಎಂದು ಒತ್ತಾಯಿಸುತ್ತಿರುವುದು ಅದೊಂದಕ್ಕೇ. ಗಾಡಿಯಲ್ಲಿ ಮಾರುವ, ನೋಂದಣಿ ಸಂಖ್ಯೆ ಇಲ್ಲದ ಸೊಳ್ಳೆ ಅಗರಬತ್ತಿ ಮನೆಯೊಳಗೇ ತರಬೇಡಿ.

ಯಾವುದಾದರೂ ಪದಾರ್ಥದ ಮೇಲೆ ಗಟ್ಟಿ ಅನುಮಾನ ಬಂದರೆ ಒಂದು ದಾರಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ 'ಇದನ್ನು ಪರೀಕ್ಷೆಗೆ ಕಳಿಸುತ್ತೇನೆ' ಎಂದು ತಿಳಿಸಬೇಕು. ತಪ್ಪು ಸಿಕ್ಕರೆ ಶುಲ್ಕ ವಾಪಸ್ ಬರುತ್ತದೆ. ಒಮ್ಮೆ ನಮ್ಮ ಬೀದಿಯ ಅಂಗಡಿಯೊಂದರಲ್ಲಿ ನಾನು ಈ ಮಾತು ಹೇಳಿದಾಗ ಅಂಗಡಿಯವರು ತೂಕ ಮಾಡಿದ್ದ ಪುಡಿಯನ್ನು ಮತ್ತೆ ಚೀಲಕ್ಕೆ ಸುರಿದು, ಒಳಗಿನಿಂದ ಬೇರೆಯದನ್ನು ತಂದುಕೊಟ್ಟರು. ಶುಲ್ಕ ಉಳಿಯಿತು.

ಇನ್ನು ಅತ್ತೆಯ ಕಾಡಿಗೆ. ಸುರ್ಮಾ ಎಂದು ಮಾರುವುದು ಎಷ್ಟೋ ಸಲ ಸೀಸದ ಅದಿರಿನ ಪುಡಿ, ಅದು ಮನೆಗೇ ಬೇಡ. ಅವರು ಹರಳೆಣ್ಣೆ ದೀಪಕ್ಕೆ ಹೊನಗೊನೆ ಸೊಪ್ಪಿನ ರಸದ ಬತ್ತಿ ಹಾಕಿ ತಟ್ಟೆ ಕವುಚಿ ಹಿಡಿಯುವ ಕಾಡಿಗೆಯಲ್ಲಿ ಸೀಸ ಇರುವುದಿಲ್ಲ, ಆದರೂ ಕಣ್ಣಿನೊಳಗೆ ಬೇಡ. ಮಸಿ, ಉಗುರು, ಸೋಂಕು ಮೂರೂ ಎಳೆ ಕಣ್ಣಿಗೆ ತೊಂದರೆಯೇ. ಅತ್ತೆಯ ಜೊತೆ ಜಗಳ ಮಾಡಬೇಡಿ. ಕಾಡಿಗೆ ಅವರೇ ಹಿಡಿಯಲಿ, ಬೊಟ್ಟನ್ನೂ ಅವರ ಕೈಯಿಂದಲೇ ಇಡಿಸಿ, ಮಗುವಿನ ಕೈಗೂ ಬಾಯಿಗೂ ಎಟುಕದ ಹಾಗೆ ಕಿವಿಯ ಹಿಂದೆ. ದೃಷ್ಟಿ ತೆಗೆಯಲು ಅಷ್ಟು ಸಾಕು ಅಂತ ನಮ್ಮಜ್ಜಿಯೂ ಒಪ್ಪಿಕೊಂಡಿದ್ದರು.